ಮೈಕು ಬಿಟ್ಟು ಹಿಂದಿನ ಬೆಂಚಿಗೆ ಹೋಗಿಬಿಡಲೇ?

ಪ್ರಶ್ನೆ: ನನಗೆ 36 ವರ್ಷ. ಚಿಕ್ಕ ಪಟ್ಟಣವೊಂದರ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, 11 ವರ್ಷದಿಂದ ಆರಾಧನಾ ತಂಡ ನಡೆಸುತ್ತಿದ್ದೇನೆ. ಹಾಡು ಆರಿಸುವುದು, ಹುಡುಗರಿಗೆ ಕಲಿಸುವುದು, ಸೌಂಡ್ ಸಿಸ್ಟಮ್ ನೋಡಿಕೊಳ್ಳುವುದು ಎಲ್ಲ ನನ್ನದೇ. ಕಳೆದ ವರ್ಷ ಬೆಂಗಳೂರಿನಿಂದ ಕೆಲಸದ ಮೇಲೆ ಒಬ್ಬ ಯುವಕ ನಮ್ಮೂರಿಗೆ ಬಂದ. ನನಗಿಂತ ಚೆನ್ನಾಗಿ ಹಾಡುತ್ತಾನೆ, ಗಿಟಾರ್ ಕೂಡ ನುಡಿಸುತ್ತಾನೆ. ಈಗ ಜನ ಅವನನ್ನೇ ಕೇಳುತ್ತಾರೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಅವನು ಹಾಡುವಾಗ ಸ್ವರ ತಪ್ಪಲಿ ಅಂತ ಕಾಯುತ್ತಿರುತ್ತೇನೆ. ಮುಂದಿನ ತಿಂಗಳು ಸಭೆಯ ಕಮಿಟಿ ಚುನಾವಣೆ ಇದೆ. ನಿಲ್ಲಬೇಕು ಅಂತ ಆಸೆ. ಅದು ಸೇವೆಗಾಗಿಯೋ, ಅವನಿಗಿಂತ ಒಂದು ಮೆಟ್ಟಿಲು ಮೇಲಿರುವುದಕ್ಕೋ ನನಗೇ ಗೊತ್ತಾಗುತ್ತಿಲ್ಲ. ಎಲ್ಲ ಬಿಟ್ಟು ಹಿಂದಿನ ಬೆಂಚಿನಲ್ಲಿ ಕೂತುಬಿಡಲೇ? ದೀನತೆ ಅಂದರೆ ಅದೇ ಅಲ್ವಾ?

ಉತ್ತರ:

ಸಹೋದರರೇ, ಮೊದಲೇ ಹೇಳಿಬಿಡುತ್ತೇನೆ. ಹಿಂದಿನ ಬೆಂಚಿಗೆ ಹೋಗಬೇಡಿ. ಅಲ್ಲಿ ಕೂತರೂ ನಿಮ್ಮ ಕಿವಿ ಅವನ ಸ್ವರದ ಮೇಲೇ ಇರುತ್ತದೆ. ಅದರ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ. "ಪಾಪ, ಇಷ್ಟು ವರ್ಷ ದುಡಿದವರು ಹೇಗೆ ಸುಮ್ನೆ ಹಿಂದೆ ಕೂತಿದ್ದಾರೆ ನೋಡಿ" ಅಂತ ಯಾರಾದರೂ ಅನ್ನಲಿ ಎಂದು ಮನಸ್ಸು ಕಾಯಲು ಶುರುಮಾಡುತ್ತದೆ. ಆಗ ಹಾಡೂ ಹೋಯಿತು, ದೀನತೆಯೂ ಸಿಗಲಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು "ಸ್ವರ ತಪ್ಪಲಿ ಅಂತ ಕಾಯುತ್ತಿರುತ್ತೇನೆ" ಅನ್ನುವ ಮಾತು. ಸಭೆಯ ಮನಸ್ತಾಪಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇನ್ನೊಬ್ಬರ ಅಹಂಕಾರದ ಬಗ್ಗೆ ಎರಡು ಪುಟ ಬರೆಯುತ್ತಾರೆ. ನೀವು ನಿಮ್ಮದನ್ನು ಬರೆದಿದ್ದೀರಿ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾದರೂ ಪರವಾಗಿಲ್ಲ ಅಂದುಕೊಂಡಿದ್ದೇನೆ.

ಆಸೆ ಇರುವುದೇ ಪಾಪ ಅಂತ ತಿಳಿಯಬೇಡಿ. ಸಭೆಯ ಮೇಲ್ವಿಚಾರಣೆ ಮಾಡಬೇಕೆಂದು ಬಯಸುವವನು ಒಳ್ಳೆಯ ಕೆಲಸವನ್ನೇ ಬಯಸುತ್ತಾನೆ ಅಂತ, ಊರೂರಿಗೆ ಹೋಗಿ ಸುವಾರ್ತೆ ಸಾರಿದ ಪೌಲ ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆದ. ಪೌಲನಿಗೂ ಒಂದು ದೊಡ್ಡ ಆಸೆ ಇತ್ತು. ಕ್ರಿಸ್ತನ ಹೆಸರೇ ಕೇಳದ ಊರುಗಳಿಗೆ ಹೋಗಬೇಕು, ಬೇರೆಯವರು ಹಾಕಿದ ಅಡಿಪಾಯದ ಮೇಲೆ ಕಟ್ಟಬಾರದು ಅನ್ನುವ ಆಸೆ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅದನ್ನು ಮುಚ್ಚಿಟ್ಟುಕೊಳ್ಳದೆ ಹೇಳುತ್ತಾನೆ. ಚೆನ್ನಾಗಿ ಹಾಡಬೇಕು, ತಂಡ ಬೆಳೆಸಬೇಕು, ಕಮಿಟಿಯಲ್ಲಿ ಕೂತು ಲೆಕ್ಕಪತ್ರ ಸರಿಪಡಿಸಬೇಕು ಅನ್ನುವ ಆಸೆಗಳೆಲ್ಲ ಒಳ್ಳೆಯವೇ. ಅದೇ ಆಸೆ ಪಕ್ಕದವನನ್ನು ಅಳತೆಗೋಲು ಮಾಡಿಕೊಂಡಾಗ ಹುಳಿಯುತ್ತದೆ. ಹಾಡು ಹೇಗಾಯಿತು ಅನ್ನುವ ಪ್ರಶ್ನೆ ಹೋಗಿ, ಅವನಿಗಿಂತ ಹೇಗಾಯಿತು ಅನ್ನುವ ಪ್ರಶ್ನೆ ಬರುತ್ತದೆ.

ಇದು ಹೊಸ ರೋಗವೂ ಅಲ್ಲ. ಮಾರ್ಕನ ಸುವಾರ್ತೆಯ 10ನೇ ಅಧ್ಯಾಯ ತೆಗೆದು ನೋಡಿ. ಯೆರೂಸಲೇಮಿಗೆ ಹೋಗುವ ದಾರಿಯಲ್ಲಿ ಯೇಸು ಸ್ವಾಮಿ ತಮ್ಮ ಸಾವಿನ ಬಗ್ಗೆ ಮೂರನೇ ಸಲ ಹೇಳುತ್ತಾರೆ. ಉಗುಳುತ್ತಾರೆ, ಕೊರಡೆಯಿಂದ ಹೊಡೆಯುತ್ತಾರೆ, ಕೊಲ್ಲುತ್ತಾರೆ ಅಂತ ಬಿಡಿಸಿ ಹೇಳುತ್ತಾರೆ. ಆ ಮಾತು ಮುಗಿದದ್ದೇ ತಡ, ಜೆಬೆದಾಯನ ಮಕ್ಕಳಾದ ಯಾಕೋಬ, ಯೋಹಾನ ಹತ್ತಿರ ಬಂದು, ನಿಮ್ಮ ಮಹಿಮೆಯಲ್ಲಿ ನಮಗೆ ಬಲಗಡೆ ಒಂದು, ಎಡಗಡೆ ಒಂದು ಸೀಟು ಬೇಕು ಅನ್ನುತ್ತಾರೆ. ಮತ್ತಾಯನ ಸುವಾರ್ತೆಯಲ್ಲಿ ಅವರ ತಾಯಿಯೇ ಬಂದು ಕೇಳುತ್ತಾಳೆ. ನಮ್ಮ ಸಭೆಗಳಲ್ಲೂ ಮಗನಿಗೆ ಸೋಲೋ ಕೊಡಿಸಲು ಅಮ್ಮಂದಿರು ಬರುವುದುಂಟು, ಇರಲಿ. ಉಳಿದ ಹತ್ತು ಶಿಷ್ಯರಿಗೆ ಸಿಟ್ಟು ಬಂತು. ಅದು ಪವಿತ್ರ ಸಿಟ್ಟೇನೂ ಅಲ್ಲ. ಹಿಂದಿನ ಅಧ್ಯಾಯದಲ್ಲೇ ಕಪೆರ್ನೌಮಿಗೆ ಬರುವ ದಾರಿಯಲ್ಲಿ ನಮ್ಮೊಳಗೆ ಯಾರು ದೊಡ್ಡವನು ಅಂತ ವಾದ ಮಾಡಿ, ಸ್ವಾಮಿ ಕೇಳಿದಾಗ ಬಾಯಿ ಮುಚ್ಚಿಕೊಂಡವರು ಇವರೇ. ಲೂಕನ ಪ್ರಕಾರ ಕಡೆಯ ಭೋಜನದ ಮೇಜಿನ ಸುತ್ತ ಕೂತಾಗಲೂ ಅದೇ ವಾದ ಮತ್ತೆ ಎದ್ದಿತು. ಯೇಸುವಿನ ಜೊತೆಯಲ್ಲೇ ತಿಂದು, ನಡೆದು, ಮಲಗಿದವರ ಕತೆ ಇದು. ಹನ್ನೊಂದು ವರ್ಷ ಹಾಡಿದ ಮೇಲೂ ನಿಮಗೆ ಹೊಟ್ಟೆಕಿಚ್ಚು ಬಂತು ಅಂತ ಗಾಬರಿಯಾಗಬೇಕಿಲ್ಲ.

ಯೇಸು ಸ್ವಾಮಿ ಅವರಿಗೆ ಕೊಟ್ಟ ಉತ್ತರ ಗಮನಿಸಿ. ದೊಡ್ಡವರಾಗಲು ಆಸೆಪಡಬೇಡಿ ಅನ್ನಲಿಲ್ಲ. ದೊಡ್ಡವನಾಗಬೇಕೆಂದಿರುವವನು ನಿಮ್ಮ ಸೇವಕನಾಗಿರಲಿ ಅಂದರು. ಆಸೆ ಕಿತ್ತುಕೊಳ್ಳಲಿಲ್ಲ, ಅದು ಹೋಗಬೇಕಾದ ದಾರಿ ಬದಲಿಸಿದರು. ಇನ್ನು ಆ ಬಲ, ಎಡದ ವಿಷಯ. ಐದು ಅಧ್ಯಾಯ ದಾಟಿದ ಮೇಲೆ ಮಾರ್ಕನು ಅದೇ ಮಾತನ್ನು ಮತ್ತೆ ಬರೆಯುತ್ತಾನೆ. ಶಿಲುಬೆಯ ಬಲಗಡೆ ಒಬ್ಬ, ಎಡಗಡೆ ಒಬ್ಬ, ಇಬ್ಬರೂ ಕಳ್ಳರು. ತಾವು ಏನು ಕೇಳುತ್ತಿದ್ದೇವೆ ಅಂತ ಅಣ್ಣತಮ್ಮಂದಿರಿಗೆ ಅವತ್ತು ನಿಜವಾಗಿಯೂ ಗೊತ್ತಿರಲಿಲ್ಲ.

ದೀನತೆಯ ಬಗ್ಗೆ ಮಾತು ಬಂದರೆ ಎಲ್ಲರೂ ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯಕ್ಕೆ ಹೋಗುತ್ತಾರೆ. ಹೋಗಬೇಕಾದದ್ದೇ. ಆದರೆ ಆ ಊರು ಎಂಥದ್ದು ಅಂತ ಗೊತ್ತಿದ್ದರೆ ಆ ಮಾತಿನ ಪೆಟ್ಟು ಜಾಸ್ತಿ ತಾಗುತ್ತದೆ. ಕ್ರಿಸ್ತಪೂರ್ವ 42ರಲ್ಲಿ ಫಿಲಿಪ್ಪಿಯ ಹತ್ತಿರ ರೋಮನ್ನರ ನಡುವೆಯೇ ದೊಡ್ಡ ಯುದ್ಧ ನಡೆಯಿತು. ಆಮೇಲೆ ನಿವೃತ್ತ ಸೈನಿಕರಿಗೆ ಅಲ್ಲಿ ಜಮೀನು ಕೊಟ್ಟು ಕೂರಿಸಿದರು. ಹೀಗಾಗಿ ಅದು ಪದವಿ, ಮರ್ಯಾದೆಗಳ ಊರು. ಅಲ್ಲಿನ ಕಲ್ಲಿನ ಶಾಸನಗಳಲ್ಲಿ ಇಂಥವರು ಇಂಥ ಹುದ್ದೆಯಲ್ಲಿದ್ದರು, ಇಂಥ ಗೌರವ ಪಡೆದರು ಅನ್ನುವ ಪಟ್ಟಿಗಳಿವೆ. ನಮ್ಮ ಚರ್ಚುಗಳ ಗೋಡೆಯಲ್ಲಿರುವ ಗ್ರಾನೈಟ್ ಫಲಕಗಳನ್ನು ನೆನೆಸಿಕೊಳ್ಳಿ. ಕಾಂಪೌಂಡ್ ಗೇಟು ಹಾಕಿಸಿದರೂ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿಯ ಹೆಸರು ಇರಲೇಬೇಕು!

ಅಂಥ ಊರಿನವರಿಗೆ ಪೌಲನು ಯೇಸುವಿನ ಪಟ್ಟಿ ಬರೆದು ಕಳಿಸಿದ. ಅದು ತಲೆಕೆಳಗಾದ ಪಟ್ಟಿ. ದೇವರ ಸ್ವರೂಪದಲ್ಲಿದ್ದವರು, ಅದನ್ನು ಬಿಗಿಹಿಡಿಯಲಿಲ್ಲ, ತಮ್ಮನ್ನು ಬರಿದು ಮಾಡಿಕೊಂಡರು, ದಾಸರಾದರು, ಸತ್ತರು. ಅದೂ ಎಂಥ ಸಾವು? ಶಿಲುಬೆಯ ಸಾವು. ಗುಲಾಮರಿಗೆ, ದಂಗೆಕೋರರಿಗೆ ಕೊಡುತ್ತಿದ್ದ ಶಿಕ್ಷೆ ಅದು. ರೋಮಿನ ಪೌರತ್ವವನ್ನೇ ಹೆಮ್ಮೆ ಅಂದುಕೊಂಡವರ ನಡುವೆ ಕೂತು ಇದನ್ನು ಕೇಳಿಸಿಕೊಂಡರೆ ಹೇಗಾಗಿರಬೇಡ?

ಅದೇ ಪತ್ರದ ಮೊದಲ ಅಧ್ಯಾಯದಲ್ಲಿ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ ಒಂದು ಮಾತಿದೆ. ಪೌಲ ಆಗ ಸೆರೆಯಲ್ಲಿದ್ದ. ಅವನನ್ನು ನೋಯಿಸಬೇಕು ಅಂತಲೇ ಕೆಲವರು ಪೈಪೋಟಿಯಿಂದ ಹೊರಗೆ ಸುವಾರ್ತೆ ಸಾರುತ್ತಿದ್ದರು. ಪೌಲ ಅವರ ಉದ್ದೇಶ ಒಳ್ಳೆಯದು ಅಂತ ಹೇಳಲಿಲ್ಲ. ಆದರೆ ಹೇಗಿದ್ದರೇನು, ಕ್ರಿಸ್ತನನ್ನು ಸಾರುವುದಂತೂ ನಡೆಯುತ್ತಿದೆ, ಅದಕ್ಕೆ ಸಂತೋಷಪಡುತ್ತೇನೆ ಅಂದ. ಇದರಿಂದ ನಿಮಗೆ ಎರಡು ಉಪಯೋಗ ಇವೆ. ನಿಮ್ಮ ಮನಸ್ಸು ಕಲಕಿದ್ದ ದಿನಗಳಲ್ಲೂ ನೀವು ಹಾಡಿಸಿದ ಹಾಡಿನಿಂದ ಯಾರೋ ಒಬ್ಬರು ಸಮಾಧಾನ ಪಡೆದಿರುತ್ತಾರೆ. ಅದು ಸುಳ್ಳಲ್ಲ. ಜೊತೆಗೆ, ಉದ್ದೇಶ ನೂರಕ್ಕೆ ನೂರು ಶುದ್ಧವಾದ ಮೇಲೆ ಸೇವೆ ಮಾಡುತ್ತೇನೆ ಅಂತ ಕಾದು ಕೂರಬೇಕಿಲ್ಲ. ಕಾದರೆ ಯಾವ ಸಭೆಯಲ್ಲೂ ಯಾವ ಭಾನುವಾರವೂ ಆರಾಧನೆ ನಡೆಯದು.

ಹಾಗಾದರೆ ಏನು ಮಾಡಬೇಕು? ಪೌಲನ ಜೊತೆ ಸೇವೆ ಮಾಡಿದ ಬಾರ್ನಬನನ್ನು ನೋಡಿ ಅನ್ನುತ್ತೇನೆ.

ಬಾರ್ನಬನ ಬಗ್ಗೆ ಪ್ರಸಂಗಗಳು ಕಡಿಮೆ. ಅವನು ಬರೆದದ್ದೆಂದು ಬೈಬಲಿನಲ್ಲಿ ಯಾವ ಪತ್ರವೂ ಇಲ್ಲ. ಕುಪ್ರ ದ್ವೀಪದವನು, ಅಂದರೆ ಈಗಿನ ಸೈಪ್ರಸ್. ಹೊಲ ಮಾರಿ ಹಣ ತಂದು ಅಪೊಸ್ತಲರ, ಅಂದರೆ ಯೇಸುವಿನ ಮುಖ್ಯ ಶಿಷ್ಯರ, ಪಾದದ ಬಳಿ ಇಟ್ಟವನು. ಸೌಲನು, ಅಂದರೆ ಮುಂದೆ ಪೌಲ ಅನ್ನಿಸಿಕೊಂಡವನು, ತಾನು ಬದಲಾಗಿದ್ದೇನೆ ಅಂತ ಯೆರೂಸಲೇಮಿಗೆ ಬಂದಾಗ ಒಬ್ಬರೂ ನಂಬಲಿಲ್ಲ. ನಿನ್ನೆಯವರೆಗೆ ಮನೆಮನೆಗೆ ನುಗ್ಗಿ ವಿಶ್ವಾಸಿಗಳನ್ನು ಹಿಡಿಸುತ್ತಿದ್ದವನನ್ನು ಯಾರು ನಂಬುತ್ತಾರೆ? ಬಾರ್ನಬ ಅವನ ಕೈಹಿಡಿದು ಅಪೊಸ್ತಲರ ಹತ್ತಿರ ಕರೆದುಕೊಂಡು ಹೋದ. ಕೆಲವು ವರ್ಷ ಕಳೆಯಿತು. ಅಂತಿಯೋಕ್ಯದಲ್ಲಿ ಸಭೆ ಬೆಳೆಯಿತು. ಅಲ್ಲಿ ಬಾರ್ನಬನೇ ಮುಖ್ಯ. ಕೆಲಸ ಜಾಸ್ತಿಯಾದಾಗ ಏನು ಮಾಡಿದ ಗೊತ್ತಾ? ತಾರ್ಸಕ್ಕೆ ಹೋಗಿ ಸೌಲನನ್ನು ಹುಡುಕಿ ಕರೆತಂದ. ತನಗಿಂತ ಚೆನ್ನಾಗಿ ಮಾತಾಡುವವನು ಅಂತ ಗೊತ್ತಿದ್ದೇ ಕರೆತಂದ ಅಂತ ನನಗನ್ನಿಸುತ್ತದೆ.

ಇನ್ನು ಅಪೊಸ್ತಲರ ಕೃತ್ಯಗಳು 13ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಹೊರಡುವಾಗ "ಬಾರ್ನಬ, ಸೌಲ" ಅಂತ ಇದೆ. ಮೊದಲು ಹೋದದ್ದು ಕುಪ್ರಕ್ಕೆ, ಬಾರ್ನಬನ ಸ್ವಂತ ನಾಡಿಗೆ. ಅವನ ಜನ, ಅವನ ನೆಲ. ಅಲ್ಲಿನ ಅಧಿಪತಿಯ ಮುಂದೆ ಎದ್ದುನಿಂತು ಮಾತಾಡಿದವನು ಸೌಲ. ಈ ಪುಸ್ತಕ ಬರೆದ ಲೂಕನು ಅವನನ್ನು ಪೌಲ ಅಂತ ಕರೆಯಲು ಶುರುಮಾಡುವುದೂ ಅಲ್ಲೇ. ಹಡಗು ಹತ್ತಿ ಹೊರಡುವ ಹೊತ್ತಿಗೆ ವಾಕ್ಯ ಬದಲಾಗಿದೆ. "ಪೌಲನೂ ಅವನ ಜೊತೆಯಲ್ಲಿದ್ದವರೂ" ಅಂತ ಇದೆ. ಬಾರ್ನಬನ ಹೆಸರೇ ಇಲ್ಲ! ತನ್ನೂರಿಗೆ ತಂಡದ ಮುಖ್ಯಸ್ಥನಾಗಿ ಇಳಿದವನು, ಹತ್ತುವಾಗ "ಜೊತೆಯಲ್ಲಿದ್ದವರಲ್ಲಿ" ಒಬ್ಬ. ಅಲ್ಲಿಂದ ಮುಂದೆ ಜಾಸ್ತಿ ಕಡೆ "ಪೌಲ, ಬಾರ್ನಬ". ಅವನ ಮನಸ್ಸಿನಲ್ಲಿ ಏನಾಯಿತು ಅಂತ ಲೂಕ ಹೇಳುವುದಿಲ್ಲ. ಬಾರ್ನಬ ಊರಿಗೆ ವಾಪಸ್ ಹೋಗಲಿಲ್ಲ ಅನ್ನುವುದು ಮಾತ್ರ ಕಾಣುತ್ತದೆ. ಲುಸ್ತ್ರದಲ್ಲಿ ಪೌಲನಿಗೆ ಕಲ್ಲೆಸೆದು ಸತ್ತನೆಂದು ಬಿಟ್ಟುಹೋದರಲ್ಲ, ಮರುದಿನ ಅವನ ಜೊತೆ ದೆರ್ಬೆಗೆ ಹೊರಟವನು ಬಾರ್ನಬನೇ.

ಅವನನ್ನು ದೇವದೂತ ಮಾಡುವುದು ಬೇಡ. ಮುಂದೆ ಯೋಹಾನ ಮಾರ್ಕ ಎಂಬ ಹುಡುಗನ ವಿಷಯಕ್ಕೆ ಇಬ್ಬರಿಗೂ ಜೋರು ಜಗಳವಾಗಿ ಬೇರೆಬೇರೆಯಾದರು. ಮಾರ್ಕ ಹಿಂದಿನ ಪ್ರಯಾಣವನ್ನು ಅರ್ಧಕ್ಕೆ ಬಿಟ್ಟು ಹೋದವನು, ಬಾರ್ನಬನ ಸಂಬಂಧಿಕ ಬೇರೆ. ಪೌಲ ಬೇಡವೇ ಬೇಡ ಅಂದ. ಬಾರ್ನಬ ಸೋತ ಹುಡುಗನನ್ನು ಕರೆದುಕೊಂಡು ಮತ್ತೆ ಕುಪ್ರಕ್ಕೇ ಹೋದ. ಎಷ್ಟೋ ವರ್ಷದ ಮೇಲೆ ಪೌಲ ಸೆರೆಯಿಂದ ತಿಮೊಥೆಯನಿಗೆ ಬರೆಯುತ್ತಾನೆ, ಮಾರ್ಕನನ್ನು ಕರೆದುಕೊಂಡು ಬಾ, ನನಗೆ ಉಪಯೋಗಕ್ಕೆ ಬರುತ್ತಾನೆ ಅಂತ. ತನ್ನ ಮಾತೇ ಸರಿಯಾಯಿತು ಅಂತ ಬಾರ್ನಬ ಎಲ್ಲಾದರೂ ಹೇಳಿಕೊಂಡನೋ ಇಲ್ಲವೋ, ಪುಸ್ತಕದಲ್ಲಂತೂ ಇಲ್ಲ.

ಈಗ ನಿಮ್ಮ ಸಭೆಗೆ ಬರೋಣ. ಬೆಂಗಳೂರಿನ ಆ ಯುವಕನಿಗೆ ನೀವು ಬಾರ್ನಬನಾಗಬಹುದು. ಹೇಗೆ ಅಂತ ಸಣ್ಣ ಸಣ್ಣ ಕೆಲಸಗಳಲ್ಲಿ ಹೇಳುತ್ತೇನೆ, ಯಾಕೆಂದರೆ ಮನಸ್ಸಿಗೆ "ದೀನವಾಗು" ಅಂತ ಆಜ್ಞೆ ಕೊಟ್ಟರೆ ಅದು ಕೇಳುವುದಿಲ್ಲ. ಕೈಗೆ ಕೆಲಸ ಕೊಟ್ಟರೆ ಮನಸ್ಸು ಹಿಂದೆ ಬರುತ್ತದೆ, ತಡವಾಗಿಯಾದರೂ.

ಮೊದಲನೆಯದಾಗಿ ನಿಮ್ಮ ಮಿಕ್ಸರ್. ಯಾವ ವೈರ್ ಯಾವ ಚಾನೆಲ್‌ಗೆ, ಯಾವ ಸ್ಪೀಕರ್ ಯಾವಾಗ ಕೊರೆಯುತ್ತದೆ, ಕರೆಂಟು ಹೋಗಿ ಬಂದರೆ ಮೊದಲು ಏನು ಆಫ್ ಮಾಡಬೇಕು ಅನ್ನುವುದು ನಿಮಗೊಬ್ಬರಿಗೇ ಗೊತ್ತಿದೆ, ಅಲ್ವಾ? ಬಹಳ ಸಭೆಗಳಲ್ಲಿ ಹೀಗೇ. ಇದನ್ನು ನಾವು ಜವಾಬ್ದಾರಿ ಅನ್ನುತ್ತೇವೆ. ಆದರೆ ನಾನಿಲ್ಲದಿದ್ದರೆ ಭಾನುವಾರ ನಡೆಯುವುದಿಲ್ಲ ಅನ್ನುವ ಸುಖ ಅದರೊಳಗೆ ಬೆಚ್ಚಗೆ ಕೂತಿರುತ್ತದೆ. ಹೆಸರಿನ ಆಸೆ ಸ್ಟೇಜಿನ ಮೇಲೆ ಇರುವುದಕ್ಕಿಂತ ಇಂಥ ಜಾಗದಲ್ಲೇ ಜಾಸ್ತಿ ಇರುತ್ತದೆ. ಈ ವಾರ ಒಂದು ಹಾಳೆಯಲ್ಲಿ ಎಲ್ಲ ಬರೆಯಿರಿ. ಚಾನೆಲ್ ಒಂದು ಪಾಸ್ಟರ್ ಮೈಕು, ಎರಡು ಕೀಬೋರ್ಡ್, ಹೀಗೆ. ಮಿಕ್ಸರ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಆ ಯುವಕನಿಗೂ ಇನ್ನಿಬ್ಬರಿಗೂ ಕಲಿಸಿ. ನಿಮ್ಮ ಕೈ ತಡವರಿಸುತ್ತದೆ, ನೋಡಿ. ಹಾಡು ಬಿಟ್ಟುಕೊಡುವುದಕ್ಕಿಂತ ಇದು ಕಷ್ಟ.

ಕ್ರಿಸ್‌ಮಸ್ ಆರಾಧನೆಯಲ್ಲಿ ಪ್ರತಿವರ್ಷ ನೀವೇ ಹಾಡುವ ಒಂದು ಹಾಡು ಇದ್ದೇ ಇರುತ್ತದೆ. ಜನ ಅದನ್ನು ನಿಮ್ಮ ಹಾಡು ಅನ್ನುತ್ತಾರೆ. ಈ ಸಲ ಅದನ್ನು ಅವನಿಗೆ ಕೊಡಿ. ಉಳಿದಬಳಿದ ಹಾಡು ಕೊಟ್ಟರೆ ಅದು ದಾನ, ಜಾಗ ಕೊಟ್ಟಂತೆ ಆಗುವುದಿಲ್ಲ. ಅಭ್ಯಾಸದ ದಿನ ನೀವು ಎದುರಿಗೆ ಕೂತು ಕೇಳಿ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎರಡನೇ ಚರಣದಲ್ಲಿ ಹಳಬರು ಯಾಕೆ ನಿಧಾನ ಮಾಡುತ್ತಾರೆ ಅನ್ನುವುದೆಲ್ಲ ನಿಮಗೆ ಗೊತ್ತು. ಅದನ್ನು ಹೇಳಿಕೊಡಿ.

ಅವನು ಹಾಡುವಾಗ ಆ ಕಾಯುವಿಕೆ ಮತ್ತೆ ಬರುತ್ತದೆ. ಬಂದಾಗ ಹೋರಾಡಲು ಹೋಗಬೇಡಿ, ಜಾಸ್ತಿಯಾಗುತ್ತದೆ. ಅವನ ಹೆಸರು ಹೇಳಿ ಒಂದು ಸಾಲಿನ ಪ್ರಾರ್ಥನೆ ಮಾಡಿ, ಆಮೇಲೆ ಬಾಯಿಬಿಟ್ಟು ಅವನ ಜೊತೆ ಹಾಡಿ. ಹಾಡುವ ಬಾಯಿಗೆ ತಪ್ಪು ಹುಡುಕುವುದು ಕಷ್ಟ. ಆರಾಧನೆ ಮುಗಿದ ಮೇಲೆ ಚೆನ್ನಾಗಿದ್ದ ಒಂದು ವಿಷಯವನ್ನು ಅವನಿಗೆ ಹೇಳಿ. ಸುಮ್ನೆ "ಸೂಪರ್ ಬ್ರದರ್" ಅನ್ನಬೇಡಿ, ಅದು ಯಾರು ಬೇಕಾದರೂ ಹೇಳುವ ಮಾತು. ಸಂಗೀತ ಗೊತ್ತಿದ್ದವರು ಮಾತ್ರ ಹೇಳಬಹುದಾದದ್ದನ್ನು ಹೇಳಿ. ಅವನ ಬೆನ್ನ ಹಿಂದೆ ಹೊಗಳುವಾಗ "ಆದರೆ" ಸೇರಿಸಬೇಡಿ. "ಚೆನ್ನಾಗಿ ಹಾಡ್ತಾನೆ, ಆದರೆ ಇನ್ನೂ ಆತ್ಮಿಕವಾಗಿ ಬೆಳೀಬೇಕು" ಅನ್ನುವ ಮಾತು ನಮ್ಮ ಸಭೆಗಳಲ್ಲಿ ಎಷ್ಟು ಜನರನ್ನು ಮುರಿದಿದೆಯೋ!

ಒಂದು ಎಚ್ಚರಿಕೆ. ಅವನ ಹತ್ತಿರ ಹೋಗಿ "ತಮ್ಮಾ, ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು, ಕ್ಷಮಿಸು" ಅನ್ನಬೇಡಿ. ನೀವು ಅವನಿಗೆ ಬಾಯಿಮಾತಿನಲ್ಲೋ ಕೆಲಸದಲ್ಲೋ ನಿಜವಾಗಿ ಅನ್ಯಾಯ ಮಾಡಿದ್ದರೆ ಕ್ಷಮೆ ಕೇಳಲೇಬೇಕು. ಬರೀ ಮನಸ್ಸಿನಲ್ಲಿದ್ದದ್ದನ್ನು ಅವನ ತಲೆಗೆ ಕಟ್ಟಿದರೆ ನಿಮಗೆ ಹಗುರ, ಅವನಿಗೆ ಭಾರ. ಮುಂದಿನ ಭಾನುವಾರದಿಂದ ನಿಮ್ಮ ಮುಖ ನೋಡಿ ನೋಡಿ ಹಾಡಬೇಕಾಗುತ್ತದೆ. ಕೊನೆಗೆ ಅವನೇ ನಿಮ್ಮನ್ನು ಸಮಾಧಾನ ಮಾಡಬೇಕು. ಇದನ್ನು ನಿಮ್ಮ ಪಾಸ್ಟರ್ ಹತ್ತಿರವೋ, ಬಾಯಿ ಗಟ್ಟಿ ಇರುವ ಹಿರಿಯರ ಹತ್ತಿರವೋ ಹೇಳಿಕೊಳ್ಳಿ. ಒಬ್ಬರಿಗೆ ಹೇಳಿದರೆ ಸಾಕು.

ಎರಡನೆಯದು ಅಡುಗೆಮನೆಯ ಕೆಲಸ. ಇದಕ್ಕೆ ಒಂದು ಹಳೆಯ ದಾರಿಯಿದೆ. ಆರನೇ ಶತಮಾನದ ಇಟಲಿಯಲ್ಲಿ ಬೆನೆಡಿಕ್ಟ್ ಎಂಬ ಸನ್ಯಾಸಿ ತನ್ನ ಮಠಗಳಿಗೆ ನಿಯಮ ಬರೆದ. ಅದರಲ್ಲಿ ಅಡುಗೆಮನೆಗೆ ವಾರದ ಪಾಳಿ. ಕಾಯಿಲೆಯವರನ್ನೂ ತುಂಬಾ ಅಗತ್ಯದ ಕೆಲಸದಲ್ಲಿರುವವರನ್ನೂ ಬಿಟ್ಟರೆ ಯಾರಿಗೂ ವಿನಾಯಿತಿ ಇಲ್ಲ. ಪಾಳಿ ಮುಗಿಸುವವನು ಶನಿವಾರ ಎಲ್ಲ ಒಗೆದು ತೊಳೆಯಬೇಕು, ಸಹೋದರರು ಕೈಕಾಲು ಒರೆಸಿಕೊಂಡ ಬಟ್ಟೆಗಳನ್ನೂ ಒಗೆಯಬೇಕು. ಪಾಳಿ ಮುಗಿಸುವವನೂ ಹೊಸದಾಗಿ ಶುರುಮಾಡುವವನೂ ಸೇರಿ ಎಲ್ಲರ ಪಾದ ತೊಳೆಯಬೇಕು. ಪಾತ್ರೆಗಳನ್ನು ಶುಚಿಯಾಗಿ, ಒಂದೂ ಮುಕ್ಕಾಗದಂತೆ ಉಗ್ರಾಣದವನಿಗೆ ಒಪ್ಪಿಸಬೇಕು. ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ಶಿಷ್ಯರ ಪಾದ ತೊಳೆದ ಕತೆ ಅಲ್ಲಿ ಹಬ್ಬದ ದಿನದ ದೃಶ್ಯವಾಗಿ ಉಳಿಯಲಿಲ್ಲ, ವಾರದ ಡ್ಯೂಟಿ ಆಯಿತು. ಅದೇ ನಿಯಮದಲ್ಲಿ ಕುಶಲಕರ್ಮಿಗಳ ಬಗ್ಗೆ ಒಂದು ಮಾತಿದೆ. ತನ್ನ ಕೈಕೆಲಸದಿಂದ ಮಠಕ್ಕೆ ಲಾಭ ಅಂತ ಯಾರಾದರೂ ಉಬ್ಬಿದರೆ ಅವನನ್ನು ಆ ಕೆಲಸದಿಂದಲೇ ಇಳಿಸಬೇಕು, ತಗ್ಗುವವರೆಗೆ. ಕಟುವಾದದ್ದು. ನಾನಾದರೆ ನಿಮಗೆ ಅಷ್ಟು ಹೇಳುವುದಿಲ್ಲ. ತಿಂಗಳಿಗೊಂದು ಭಾನುವಾರ ಮೈಕು ಮುಟ್ಟದೆ ಇರಿ ಅಂತ ಮಾತ್ರ ಹೇಳುತ್ತೇನೆ.

ಬೆನೆಡಿಕ್ಟ್‌ನ ಜಾಣತನ ಇರುವುದು ಪಾಳಿಯಲ್ಲಿ. ಯಾವ ಸೇವೆ ಮಾಡಬೇಕು ಅಂತ ನಾವೇ ಆರಿಸಿಕೊಂಡರೆ ನಮಗೆ ಒಪ್ಪುವ, ಕಾಣುವ ಸೇವೆಯನ್ನೇ ಆರಿಸುತ್ತೇವೆ. ಕಂಬಳಿ ಹಂಚುತ್ತೇವೆ, ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುತ್ತೇವೆ. ಪಟ್ಟಿಯಲ್ಲಿ ಹೆಸರು ಬಂದ ದಿನ ಮಾಡುವ ಕೆಲಸದಲ್ಲಿ ಮೆರೆಯಲು ಏನೂ ಇರುವುದಿಲ್ಲ.

ನಿಮ್ಮ ಸಭೆಯ ಸುಗ್ಗಿ ಹಬ್ಬದ ಊಟ ನೆನೆಸಿಕೊಳ್ಳಿ. ಹರಾಜು ಮುಗಿದು, ಊಟ ಮುಗಿದು, ಗಂಡಸರು ಶಾಮಿಯಾನದ ಕೆಳಗೆ ಕುರ್ಚಿ ಎಳೆದುಕೊಂಡು ಈ ಸಲ ಎಷ್ಟು ಕಲೆಕ್ಷನ್ ಆಯಿತು ಅಂತ ಮಾತಾಡುತ್ತಿರುತ್ತಾರೆ. ಚರ್ಚಿನ ಹಿಂದೆ, ನಲ್ಲಿಯ ಹತ್ತಿರ, ಅನ್ನದ ದೊಡ್ಡ ಹಂಡೆಯನ್ನು ಮಗ್ಗುಲಿಗೆ ಮಲಗಿಸಿರುತ್ತಾರೆ. ತಳಕ್ಕೆ ಹತ್ತಿದ ಅನ್ನ ನೆನೆದು ಬಿಳಿ ಗಂಜಿಯಾಗಿರುತ್ತದೆ. ಒಬ್ಬಾಕೆ ಸೀರೆ ಎತ್ತಿಕಟ್ಟಿ, ಅರ್ಧ ಮೈಯನ್ನೇ ಹಂಡೆಯೊಳಗೆ ಹಾಕಿ ತೆಂಗಿನ ನಾರಿನಿಂದ ಉಜ್ಜುತ್ತಿರುತ್ತಾಳೆ. ಇನ್ನೊಬ್ಬಾಕೆ ಸೌಟುಗಳಿಗೆ ಪುಡಿ ಹಾಕುತ್ತಿರುತ್ತಾಳೆ. ಸಾರಿನ ಎಣ್ಣೆಜಿಡ್ಡು ಕಾಲಡಿಯಲ್ಲಿ ಹರಿಯುತ್ತಿರುತ್ತದೆ. ಪ್ರತಿವರ್ಷ ಅದೇ ನಾಲ್ಕೈದು ಜನ. ವಂದನಾರ್ಪಣೆಯಲ್ಲಿ ಆರಾಧನಾ ತಂಡದ ಹೆಸರು ಬರುತ್ತದೆ, ಇವರದ್ದು "ಹಾಗೂ ಅಡುಗೆಗೆ ಸಹಾಯ ಮಾಡಿದ ಎಲ್ಲರಿಗೂ" ಅನ್ನುವುದರೊಳಗೆ ಮುಗಿಯುತ್ತದೆ. ಈ ಸಲ ಆ ಹಂಡೆಯ ಹತ್ತಿರ ಹೋಗಿ. ನಿಮ್ಮ ತಂಡದ ಹುಡುಗರನ್ನೂ ಪಾಳಿಗೆ ಹಾಕಿ. ಒಂದು ದಿನದ ಆಟವಾಗದೆ ಪಟ್ಟಿಯಾಗಲಿ. ಆ ಹೆಂಗಸರು ಮೊದಲು ನಗುತ್ತಾರೆ, "ಬಿಡಿ ಬ್ರದರ್, ನಿಮಗ್ಯಾಕೆ" ಅನ್ನುತ್ತಾರೆ. ಬಿಡಬೇಡಿ. ಮನೆಯಲ್ಲೂ ಪಾತ್ರೆ ತೊಳೆಯುವುದು ಯಾರು ಅಂತ ಒಮ್ಮೆ ನೋಡಿಕೊಂಡರೆ ಒಳ್ಳೆಯದು.

ಇದನ್ನು ಹೇಳುವಾಗಲೇ ಇನ್ನೊಂದನ್ನು ಹೇಳಬೇಕು, ಇಲ್ಲದಿದ್ದರೆ ನನ್ನ ಮಾತು ತಪ್ಪು ಕೈಗೆ ಸಿಗುತ್ತದೆ. ದೀನತೆಯ ಪ್ರಸಂಗವನ್ನು ನಮ್ಮಲ್ಲಿ ಜಾಸ್ತಿ ಕೇಳಿಸುವುದು ಈಗಾಗಲೇ ಕೆಳಗಿರುವವರಿಗೆ. ಹಂಡೆ ತೊಳೆಯುವವರಿಗೆ, ಚರ್ಚ್ ಗುಡಿಸುವವರಿಗೆ, ಪ್ರಶ್ನೆ ಕೇಳಿದ ದಲಿತ ಯುವಕನಿಗೆ, ಲೆಕ್ಕ ಕೇಳಿದ ಹೆಣ್ಣುಮಗಳಿಗೆ. ಫಿಲಿಪ್ಪಿಯ ಪತ್ರದಲ್ಲಿ ಇಳಿದವರು ಮೇಲಿದ್ದವರು. ಯೋಹಾನ 13ರಲ್ಲಿ ತಂದೆ ಎಲ್ಲವನ್ನೂ ತಮ್ಮ ಕೈಗೆ ಕೊಟ್ಟಿದ್ದಾರೆ, ತಾವು ದೇವರ ಬಳಿಯಿಂದ ಬಂದು ದೇವರ ಬಳಿಗೇ ಹೋಗುತ್ತೇವೆ ಅಂತ ತಿಳಿದೇ ಯೇಸು ಸ್ವಾಮಿ ಟವೆಲ್ ಸುತ್ತಿಕೊಂಡರು. ತಾವು ಯಾರು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಬಗ್ಗುವುದಕ್ಕೆ ಹೆದರಿಕೆ ಇರಲಿಲ್ಲ. ತನ್ನನ್ನು ತಾನು ಕೀಳು ಅಂದುಕೊಳ್ಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಪಂಡಿತಾ ರಮಾಬಾಯಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರು. ಅವರ ಸಂಸ್ಕೃತ ಪಾಂಡಿತ್ಯ ನೋಡಿ ಕಲ್ಕತ್ತೆಯ ವಿದ್ವಾಂಸರು 'ಪಂಡಿತಾ', 'ಸರಸ್ವತಿ' ಬಿರುದು ಕೊಟ್ಟರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಅಲ್ಲಿ ಚೆಲ್ಟನಮ್‌ನ ಮಹಿಳಾ ಕಾಲೇಜಿನಲ್ಲಿದ್ದಾಗ ಗಂಡಸರಿಗೂ ಪಾಠ ಹೇಳುವ ಮಾತು ಬಂತು. ಬಿಷಪ್‌ಗಳು ಕೂಡದು ಅಂದರು. ರಮಾಬಾಯಿ ಯಾಕೆ ಅಂತ ಕೇಳಿದರು. ಧರ್ಮದ ವಿಷಯದಲ್ಲೂ ಕಣ್ಣುಮುಚ್ಚಿ ಒಪ್ಪಲಿಲ್ಲ. ಅವರಿಗೆ ಆಶ್ರಯ ಕೊಟ್ಟಿದ್ದ ಸನ್ಯಾಸಿನಿಗೆ ಇದು ಗರ್ವದಂತೆ ಕಂಡಿತು. ಆ "ಗರ್ವಿಷ್ಠೆ" ಮುಂದೆ ಏನು ಮಾಡಿದರು? ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಬರಗಾಲದ ಹೆಣ್ಣುಮಕ್ಕಳನ್ನೂ ಬಾಲವಿಧವೆಯರನ್ನೂ ಸೇರಿಸಿಕೊಂಡು ಸಾಕಿದರು. ಹೀಬ್ರೂ, ಗ್ರೀಕ್ ಕಲಿತು, ಕೊನೆಯ ವರ್ಷಗಳಲ್ಲಿ ಓದುಬರಹ ಕಡಿಮೆ ಇರುವ ಹೆಂಗಸರಿಗೂ ತಿಳಿಯುವಂಥ ಸರಳ ಮರಾಠಿಗೆ ಬೈಬಲ್ ಅನುವಾದಿಸಿದರು. ಅಲ್ಲಿನ ಮುದ್ರಣಾಲಯದ ಕೆಲಸವನ್ನೂ ಆಶ್ರಮದ ಹೆಣ್ಣುಮಕ್ಕಳೇ ಮಾಡುತ್ತಿದ್ದರು. ಬಿಷಪ್‌ಗೆ ತಲೆಬಾಗದಿದ್ದವರು ಅನಾಥ ಹುಡುಗಿಯರಿಗಾಗಿ ಬಗ್ಗಿದರು. ಯಾರನ್ನಾದರೂ ದೀನತೆ ಇಲ್ಲ ಅಂತ ತೀರ್ಮಾನಿಸುವ ಮೊದಲು ನಾನು ರಮಾಬಾಯಿಯವರನ್ನು ನೆನೆಸಿಕೊಳ್ಳುತ್ತೇನೆ.

ನಿಮ್ಮ ವಿಷಯದಲ್ಲಿ ನನಗೆ ಕಾಣುವುದು ಇಷ್ಟು. ಹನ್ನೊಂದು ವರ್ಷದಲ್ಲಿ ಆರಾಧನಾ ತಂಡವೇ ನಿಮ್ಮ ವಿಳಾಸ ಆಗಿಬಿಟ್ಟಿದೆ. ಅದು ಹೋದರೆ ನಾನ್ಯಾರು ಅನ್ನುವ ಭಯ ಒಳಗಿದೆ. ಆ ಹುಡುಗನ ದನಿ ಆ ಭಯವನ್ನು ಎಬ್ಬಿಸಿತು, ಅಷ್ಟೇ. ನೀವು ದೇವರ ಮಗ ಅನ್ನುವುದು ಮೈಕು ಕೈಗೆ ಬರುವ ಮೊದಲೇ, ದೀಕ್ಷಾಸ್ನಾನದ ದಿನವೇ ಹೇಳಿ ಆಗಿದೆ. ಇದನ್ನು ನೀವೂ ಎಷ್ಟೋ ಸಲ ಹಾಡಿಸಿದ್ದೀರಿ. ಮೈಕು ಮುಟ್ಟದ ಆ ತಿಂಗಳ ಭಾನುವಾರ, ನಿಮ್ಮವರ ಪಕ್ಕದಲ್ಲಿ ಕೂತು ಬೇರೆಯವರ ದನಿಯಲ್ಲಿ ಅದನ್ನು ಕೇಳಿಸಿಕೊಳ್ಳಿ. ಹೊಟ್ಟೆಕಿಚ್ಚು ಒಂದೇ ಸಲಕ್ಕೆ ಹೋಗುವುದಿಲ್ಲ. ಕೆಲವು ವಾರ ಕಡಿಮೆಯಾಗಿ, ಯಾರೋ ಅವನನ್ನು ಹೊಗಳಿದ ದಿನ ಮತ್ತೆ ಪೂರ್ತಿ ಬರುತ್ತದೆ. ಬರಲಿ, ಪಾಳಿ ತಪ್ಪಿಸಬೇಡಿ.

ಉಳಿದದ್ದು ಚುನಾವಣೆ. ಈ ಸಲ ನಿಲ್ಲಬೇಡಿ ಅನ್ನುವುದು ನನ್ನ ಸಲಹೆ. ಕಮಿಟಿ ಕೆಟ್ಟದ್ದು ಅಂತಲ್ಲ, ಅಲ್ಲಿ ನಿಷ್ಠೆಯಿಂದ ಕೂತು ಚರ್ಚಿನ ಆಸ್ತಿಪತ್ರ, ಲೆಕ್ಕ ನೋಡುವವರು ಬೇಕೇ ಬೇಕು. ಆದರೆ ಯಾಕೆ ನಿಲ್ಲುತ್ತಿದ್ದೇನೆ ಅಂತ ನಿಮಗೇ ಗೊತ್ತಿಲ್ಲ ಅಂದಿದ್ದೀರಿ, ಒಂದು ತಿಂಗಳಲ್ಲಿ ಅದು ಗೊತ್ತಾಗುವಂಥದ್ದೂ ಅಲ್ಲ. ಸೋತರೆ ಮುಂದಿನ ಭಾನುವಾರ ಗೆದ್ದವರ ಪಕ್ಕ ಕೂತು ಹಾಡಬಲ್ಲೆನಾ ಅಂತ ಕೇಳಿಕೊಳ್ಳಿ. ಹೌದು ಅನ್ನಿಸಿದಾಗ ನಿಲ್ಲಿ. ಸಭೆಯಲ್ಲಿ ಏನೋ ಗಂಭೀರವಾದ ತಪ್ಪು ನಡೆಯುತ್ತಿದ್ದು, ಸರಿಪಡಿಸಲು ಬೇರೆ ಯಾರೂ ಇಲ್ಲ ಅಂತ ನಾಲ್ಕು ಜನ ನಿಮ್ಮನ್ನು ಕೇಳಿಕೊಂಡರೆ ಮಾತು ಬೇರೆ, ಆಗ ಪಾಸ್ಟರ್ ಜೊತೆ ಕೂತು ಯೋಚಿಸಿ. ಹಾಗೇನೂ ಇಲ್ಲದಿದ್ದರೆ ನಾಮಪತ್ರ ತುಂಬಬೇಡಿ. ಯಾಕೆ ನಿಲ್ಲಲಿಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. "ಈ ಸಲ ಬೇಡ ಅನ್ನಿಸಿತು" ಅನ್ನಿ. ದೀನತೆಗಾಗಿ ಬಿಟ್ಟುಕೊಟ್ಟೆ ಅಂತ ಮಾತ್ರ ಹೇಳಬೇಡಿ.